ಹಾಡು ಹಿಗ್ಗುವ ರಾತ್ರಿಗಳು

1970ರ ಫೆಬ್ರುವರಿ 14ರಂದು ‘ದ ಹೂ’ ಬ್ಯಾಂಡು ನುಡಿಸಿದ್ದು ಲೀಡ್ಸ್ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರ ಊಟದ ಹಾಲಿನಲ್ಲಿ. ಆ ರಾತ್ರಿಯ ರೆಕಾರ್ಡು ಹೊರಬಂದಾಗ ಹೊದಿಕೆ ಬರೀ ಕಂದು ಬಣ್ಣದ್ದು, ಕದ್ದು ಅಚ್ಚುಹಾಕಿದ ಮಾಲಿನ ಹಾಗೆ. ಚಟಪಟ ಸದ್ದು ಕೇಳಿಸಿದರೆ ತಿದ್ದಲು ಹೋಗಬೇಡಿ ಎಂದು ಲೇಬಲ್ಲಿನ ಮೇಲೇ ಬರೆದಿತ್ತು. ಆ ಸೂಚನೆ ನನಗೆ ಬಲು ಇಷ್ಟ. ಕೀತ್ ಮೂನ್ ಡ್ರಮ್ಮು ತಾಳ ಹಿಡಿದು ಸುಮ್ಮನೆ ಕೂರುವುದಿಲ್ಲ, ಎಲ್ಲರ ಮಾತಿಗೂ ನಡುವೆ ಬಾಯಿ ಹಾಕುತ್ತದೆ. ಎಂಟ್ವಿಸ್ಟಲ್ ಬೇಸ್ ಗಿಟಾರು ಮೂಲೆ ಬಿಟ್ಟು ಮುಂದೆ ಬಂದು ನಿಲ್ಲುತ್ತದೆ. ಇದಕ್ಕೂ ಮೊದಲು ಅಮೆರಿಕ ಪ್ರವಾಸದ ಟೇಪುಗಳ ರಾಶಿಯನ್ನು ಕೂತು ಕೇಳುವ ವ್ಯವಧಾನವಿಲ್ಲದೆ ಬ್ಯಾಂಡಿನ ಗಿಟಾರಿಸ್ಟ್ ಪೀಟ್ ಟೌನ್‌ಶೆಂಡ್ ಸುಡಿಸಿಬಿಟ್ಟಿದ್ದರಂತೆ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಸ್ಟುಡಿಯೋದ ಹಾಡು ನನಗೆ ಬೇಡವೆಂದಲ್ಲ. ಆದರೆ ಅಲ್ಲಿ ಎಲ್ಲವೂ ತೀರ್ಮಾನವಾಗಿ ಹೋಗಿರುತ್ತದೆ. ವೇದಿಕೆಯ ಮೇಲೆ ಮುಂದಿನ ತಿರುವು ಎಲ್ಲಿ ಎಂಬುದು ನುಡಿಸುವವರಿಗೇ ಗೊತ್ತಿರುವುದಿಲ್ಲ. ಒಬ್ಬರ ಕೈಯನ್ನು ಇನ್ನೊಬ್ಬರ ಕಿವಿ ಹಿಂಬಾಲಿಸುತ್ತಿರುತ್ತದೆ. ನಮ್ಮ ಕಛೇರಿಗಳಲ್ಲಿ ಮನೋಧರ್ಮ ಎನ್ನುತ್ತೇವಲ್ಲ, ಅದನ್ನು ಸವಿದ ಕಿವಿಗೆ ಈ ಸಂಗೀತ ಪರದೇಶಿಯಾಗಿ ಉಳಿಯುವುದಿಲ್ಲ. 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಮಳೆ ಸುರಿಯಿತು. ಆ ಮಳೆಯಲ್ಲಿ ನೆನೆದವರು ಇಂದಿಗೂ ಅದರ ಕಥೆಯನ್ನು ಮೊದಲ ಸಲ ಹೇಳುವಂತೆ ಹೇಳುತ್ತಾರೆ, ನಾನೂ ಮೊದಲ ಸಲ ಕೇಳುವಂತೆ ಕೇಳುತ್ತೇನೆ.

ಆಲ್ಮನ್ ಬ್ರದರ್ಸ್ 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್‌ನಲ್ಲಿ ನುಡಿಸಿದ್ದನ್ನು ಹೇಳದಿದ್ದರೆ ಈ ಮಾತು ಪೂರ್ತಿಯಾಗದು. ಇಬ್ಬರು ಡ್ರಮ್ಮರುಗಳು, ಎರಡು ಗಿಟಾರು. ಡ್ವೇನ್ ಆಲ್ಮನ್ ಮತ್ತು ಡಿಕಿ ಬೆಟ್ಸ್ ಒಂದೇ ಧಾಟಿಯನ್ನು ಜೊತೆಯಾಗಿ ಎತ್ತಿಕೊಂಡು, ಮೆಲ್ಲಗೆ ಬೇರೆ ಬೇರೆ ದಾರಿ ಹಿಡಿದು, ಮತ್ತೆ ಕೂಡಿಕೊಳ್ಳುವ ರೀತಿ ಎಷ್ಟು ಕೇಳಿದರೂ ತಣಿಯದು. ಡ್ವೇನ್ ಅದೇ ಅಕ್ಟೋಬರ್‌ನಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 24 ವರ್ಷ.

ಆದರೂ ನನ್ನ ಮನಸ್ಸು ನಿಂತಿರುವುದು ಡೀಪ್ ಪರ್ಪಲ್‌ನ ‘ಮೇಡ್ ಇನ್ ಜಪಾನ್’ ಹತ್ತಿರ. ಲೈವ್ ರೆಕಾರ್ಡು ಮಾಡುವ ಉತ್ಸಾಹ ಬ್ಯಾಂಡಿಗೆ ಇರಲಿಲ್ಲ. ಒತ್ತಾಯ ಜಪಾನಿನ ರೆಕಾರ್ಡ್ ಕಂಪನಿಯದು. 1972ರ ಆಗಸ್ಟ್ 15 ಮತ್ತು 16 ಒಸಾಕದಲ್ಲಿ, 17 ಟೋಕಿಯೊದ ಬುಡೋಕಾನ್‌ನಲ್ಲಿ. ಧ್ವನಿ ಹಿಡಿದವರು ಮಾರ್ಟಿನ್ ಬರ್ಚ್. ಸ್ಟುಡಿಯೋದಲ್ಲಿ ಐದು ನಿಮಿಷವೂ ಇರದ ‘ಸ್ಪೇಸ್ ಟ್ರಕಿಂಗ್’ ಇಲ್ಲಿ ಇಪ್ಪತ್ತು ನಿಮಿಷಕ್ಕೆ ಹಿಗ್ಗಿ ಜೋಡಿ ರೆಕಾರ್ಡಿನ ಒಂದಿಡೀ ಮಗ್ಗುಲನ್ನು ಆಕ್ರಮಿಸಿತು. ಹ್ಯಾಮಂಡ್ ಆರ್ಗನ್ನನ್ನು ಗಿಟಾರಿನ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ ಜಾನ್ ಲಾರ್ಡ್ ಎಬ್ಬಿಸುವ ಗುಡುಗು ಎದೆಗೂಡಿಗೇ ತಾಗುತ್ತದೆ. ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ ನಡುವೆ ರಿಚೀ ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ಒಂದು ತುಣುಕು ಎಸೆಯುತ್ತಾರೆ, ಇಯಾನ್ ಗಿಲನ್ ಅದನ್ನು ಗಂಟಲಿನಲ್ಲಿ ಹಿಡಿದು ಹಿಂದಿರುಗಿಸುತ್ತಾರೆ. ತುಣುಕು ಮೇಲೇರುತ್ತದೆ, ಗಂಟಲೂ ಏರುತ್ತದೆ. ಕೊನೆಗೆ ಗಿಲನ್ ಎಳೆಯುವ ಉದ್ದನೆಯ ಚೀರು ಗಿಟಾರಿನದೋ ಮನುಷ್ಯನದೋ ಎಂದು ಒಂದು ಕ್ಷಣ ದಿಕ್ಕು ತಪ್ಪುತ್ತದೆ. ಇಂಥ ಸವಾಲು ಜವಾಬು ನಡೆಯಬೇಕಾದರೆ ಎದುರಿಗೆ ಜನರಿರಬೇಕು. ಖಾಲಿ ಕೋಣೆಯಲ್ಲಿ ಯಾರೂ ಹಾಗೆ ಪಣಕ್ಕೆ ಬೀಳಲಾರರು.

ಮೊದಲು ಹೊರಬಂದ ಆ ಜೋಡಿ ರೆಕಾರ್ಡಿಗೆ ಬುಡೋಕಾನ್‌ನಿಂದ ಬಂದವು ‘ದ ಮ್ಯೂಲ್’ ಮತ್ತು ‘ಲೇಜಿ’ ಎರಡೇ. ‘ಸ್ಮೋಕ್ ಆನ್ ದ ವಾಟರ್’ ಒಸಾಕದ ಮೊದಲ ರಾತ್ರಿಯದು, ಉಳಿದ ನಾಲ್ಕೂ ಎರಡನೆಯ ರಾತ್ರಿಯವು. ಮುಂದೆ ಮೂರೂ ರಾತ್ರಿಗಳ ಧ್ವನಿಮುದ್ರಣ ಹೊರಬಂದ ಮೇಲೆ ನಮ್ಮಂಥವರಿಗೆ ಹಬ್ಬ: ಒಂದೇ ಹಾಡನ್ನು ಮೂರು ಸಲ ಹಚ್ಚಿ, ಯಾವ ರಾತ್ರಿ ಮೇಲು ಎಂದು ಸ್ನೇಹಿತರ ಜೊತೆ ಗಂಟೆಗಟ್ಟಲೆ ವಾದಿಸಬಹುದು. ‘ಚೈಲ್ಡ್ ಇನ್ ಟೈಮ್’ ಮಟ್ಟಿಗೆ ನನ್ನದು 16ನೇ ತಾರೀಖಿನ ಪಕ್ಷ. ಗಿಲನ್ ಮೂರು ಮೆಟ್ಟಿಲು ಹತ್ತಿ ಮೇಲೆ ನಿಂತ ಮೇಲೆ ಬ್ಲ್ಯಾಕ್‌ಮೋರ್ ಗಿಟಾರು ನಿಧಾನವಾಗಿ ಶುರುವಾಗಿ ಇಯಾನ್ ಪೇಸ್ ಡ್ರಮ್ಮಿನೊಡನೆ ನಾಗಾಲೋಟಕ್ಕೆ ಬೀಳುವುದನ್ನು ಕೇಳಿ, ಆಮೇಲೆ ವಾದಕ್ಕೆ ಬನ್ನಿ.