ನೋಡುವವರಿಲ್ಲದ ಆಟ

ಗುಮಾಸ್ತನಿಗೂ ಉಪಾಧ್ಯಾಯನಿಗೂ ಅರವತ್ತರ ಹೊತ್ತಿಗೆ ಬರುವ ನಿವೃತ್ತಿ ಆಟಗಾರನಿಗೆ ಮೂವತ್ತೈದಕ್ಕೇ ಬಂದುಬಿಡುತ್ತದೆ. ಕೂದಲು ಇನ್ನೂ ಕಪ್ಪಗಿರುತ್ತದೆ, ಮಕ್ಕಳು ಇನ್ನೂ ಶಾಲೆಗೆ ಹೋಗುತ್ತಿರುತ್ತಾರೆ. ಆದರೆ ಚೆಂಡು ಬರುವುದಕ್ಕೂ ಬ್ಯಾಟು ಏಳುವುದಕ್ಕೂ ನಡುವೆ ಎಳೆಯಷ್ಟು ಅಂತರ ಬಿದ್ದಿತೆಂದರೆ ಮುಗಿಯಿತು. ನಿನ್ನೆ ಸಾವಿರಾರು ಜನ ಕೂಗಿದ ಹೆಸರನ್ನು ನಾಳೆ ಅಂಚೆಯವನು ಮಾತ್ರ ಕೂಗುತ್ತಾನೆ. ಮಿಕ್ಕ ನಲವತ್ತು ವರ್ಷವನ್ನು ಏನು ಮಾಡುವುದು?

ಕೆಲವರು ಮೈಕಿನ ಮುಂದೆ ಕೂರುತ್ತಾರೆ, ಕೆಲವರು ಅಂಗಡಿ ಇಡುತ್ತಾರೆ. ಗಾಳ ಹಿಡಿದು ನೀರಿನ ದಡಕ್ಕೆ ಹೋಗುವವರೂ ಉಂಟು. ಆಸ್ಟ್ರೇಲಿಯದ ಆಂಡ್ರ್ಯೂ ಸೈಮಂಡ್ಸ್ ಆಡುತ್ತಿರುವಾಗಲೇ ಆ ಸೆಳೆತಕ್ಕೆ ಸಿಕ್ಕವರು. 2008ರ ಆಗಸ್ಟಿನಲ್ಲಿ ಡಾರ್ವಿನ್ ಊರಿನಲ್ಲಿ ತಂಡದ ಸಭೆಯನ್ನು ಬಿಟ್ಟು ಮೀನು ಹಿಡಿಯಲು ಹೋದರು. ಬಾಂಗ್ಲಾದೇಶದೊಡನೆ ಆಡಬೇಕಾಗಿದ್ದವರನ್ನು ಮನೆಗೆ ಕಳಿಸಲಾಯಿತು. ಅವರನ್ನು ಬೇಜವಾಬ್ದಾರಿ ಎಂದವರೇ ಹೆಚ್ಚು. ಆ ಮಾತಿಗೆ ನಾನು ಎದುರಾಡುವುದಿಲ್ಲ. ಆದರೆ ಅಷ್ಟು ಗದ್ದಲದ ನಡುವೆ ಇದ್ದ ಮನುಷ್ಯ ನೀರಿನ ಮೌನವನ್ನು ಹುಡುಕಿಕೊಂಡು ಹೋದನಲ್ಲ, ಅದನ್ನು ಯೋಚಿಸುತ್ತೇನೆ.

ಗಾಳವೆಂದರೆ ಸೋಮಾರಿಗಳ ಕೆಲಸವೆಂದು ತಿಳಿದವರಿಗೆ ಒಂದು ಮಾತು. ಅದರಲ್ಲಿಯೂ ಪಂದ್ಯಗಳುಂಟು, ಕಟ್ಟುನಿಟ್ಟಾದ ಪಂದ್ಯಗಳು. ದಡದುದ್ದಕ್ಕೂ ಗೂಟ ನೆಟ್ಟು ಜಾಗ ಗುರುತು ಮಾಡುತ್ತಾರೆ. ಯಾರಿಗೆ ಯಾವ ಜಾಗವೆಂದು ಚೀಟಿ ಎತ್ತುತ್ತಾರೆ. ನಮ್ಮ ಕ್ರಿಕೆಟ್ಟಿನ ಟಾಸಿನಂತೆ ಅಲ್ಲಿಯೂ ಅರ್ಧ ಅದೃಷ್ಟ. ಹೊತ್ತು ಕೊಟ್ಟಾಗ ಗಾಳ ಇಳಿಸಬೇಕು, ಹೊತ್ತು ಮುಗಿದಾಗ ಎತ್ತಬೇಕು. ಸಿಕ್ಕ ಮೀನನ್ನು ನೀರಿನಲ್ಲೇ ಇಳಿಬಿಟ್ಟ ಬಲೆಯಲ್ಲಿ ಜೀವಂತವಾಗಿ ಇಟ್ಟುಕೊಂಡು, ಕೊನೆಗೆ ತೂಗಿ, ಮತ್ತೆ ನೀರಿಗೆ ಬಿಡುತ್ತಾರೆ. ಚೆಂಡಿಗಾಗಿ ಕಾದ ಕಣ್ಣು, ತಕ್ಷಣ ತಿರುಗುವ ಮಣಿಕಟ್ಟು, ಎಲ್ಲ ಅಲ್ಲಿಯೂ ಬೇಕು. ಇಲ್ಲದಿರುವುದು ಒಂದೇ: ಚಪ್ಪಾಳೆ. ಜನ ಸೇರಿ ಗದ್ದಲ ಮಾಡಿದರೆ ಮೀನು ಹತ್ತಿರ ಸುಳಿಯುವುದಿಲ್ಲ.

ನಮ್ಮ ಸಂತಪುರದ ಕಡೆ ಜಾತ್ರೆ ಎಂದರೆ ಕುಸ್ತಿ. ಒಂದು ಕಾಲಕ್ಕೆ ಅಖಾಡದಲ್ಲಿ ಹೆಸರು ಮಾಡಿದ ಪೈಲ್ವಾನರೊಬ್ಬರು ಮುಪ್ಪಿನಲ್ಲಿ ಮಾಂಜ್ರಾ ನದಿಯ ದಡದಲ್ಲಿ ಗಾಳ ಹಾಕಿ ಕೂರುತ್ತಿದ್ದರು. "ಏನ್ ಕಾಕಾ, ಎಷ್ಟ್ ಸಿಕ್ತು?" ಎಂದು ಕೇಳಿದೆ. "ಸಿಗೋದು ಬ್ಯಾರೆ ಮಾತು, ಕೂಡೋದು ಬ್ಯಾರೆ ಮಾತು" ಎಂದರು. ಹೆಗಲ ಮೇಲೆ ಹೊತ್ತು ಮೆರೆಸಿದ ಜನವೆಲ್ಲ ಚದುರಿಹೋದ ಮೇಲೆ ಒಬ್ಬನೇ ಕೂರುವುದನ್ನು ಅವರು ಕಲಿತಿದ್ದರು. ಅದು ಕುಸ್ತಿಗಿಂತ ಕಷ್ಟದ ವರಸೆ ಇರಬೇಕು.

ಗಾಳ ಹಿಡಿಯದೆ, ಬ್ಯಾಟನ್ನೇ ಹಿಡಿದು ಈ ವರಸೆಯನ್ನು ಕಲಿತವರು ನಮ್ಮ ನಾಡಿನಲ್ಲೇ ಒಬ್ಬರಿದ್ದರು: ಬುಧಿ ಕುಂದರನ್. 1939ರ ಅಕ್ಟೋಬರ್ 2ರಂದು ಮುಲ್ಕಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದವರು. 1960ರ ಹೊಸ ವರ್ಷದ ದಿನ ಆಸ್ಟ್ರೇಲಿಯದ ಎದುರು ಭಾರತದ ವಿಕೆಟ್ ಕೀಪರ್ ಆಗಿ ಇಳಿದಾಗ ಅವರು ರಣಜಿ ಪಂದ್ಯವನ್ನೇ ಆಡಿರಲಿಲ್ಲ. ಮನೆ ಇಕ್ಕಟ್ಟೆಂದು ಹಿಂದಿನ ರಾತ್ರಿ ಉದ್ಯಾನದಲ್ಲಿ ಮಲಗಿದ್ದರೆಂಬ ಕಥೆ ಪ್ರಸಿದ್ಧವಾಗಿದೆ. ಮುಂದಿನ ಮದರಾಸು ಟೆಸ್ಟಿನಲ್ಲಿ ತಂಡವೆಲ್ಲ ಸೇರಿ 149 ಓಟ ಗಳಿಸಿದಾಗ ಅದರಲ್ಲಿ 71 ಇವರದು. ಆಮೇಲೆ ರೈಲ್ವೆ ತಂಡಕ್ಕೆ ಆಡಿದ ಮೊದಲ ರಣಜಿ ಪಂದ್ಯದಲ್ಲಿ ದ್ವಿಶತಕ.

1964ರ ಜನವರಿಯಲ್ಲಿ ಅದೇ ಮದರಾಸಿನಲ್ಲಿ ಇಂಗ್ಲೆಂಡಿನ ಎದುರು 192 ಬಾರಿಸಿದರು. ಆ ಸರಣಿಯಲ್ಲಿ ಒಟ್ಟು 525. ಕೀಪರನ ಕೈಯಿಂದ ಅಷ್ಟು ಓಟ ಆಗ ಕಂಡುಕೇಳದ ಸಂಗತಿ. ಅಷ್ಟಾದರೂ ಅದೇ ವರ್ಷ ಆಸ್ಟ್ರೇಲಿಯದವರು ಬಂದಾಗ ಕೈಗವಸು ಬೇರೆಯವರ ಪಾಲಾಯಿತು. ಕೊನೆಯ ಟೆಸ್ಟು 1967ರ ಜುಲೈಯಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ. ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ವರೂ ಒಟ್ಟಿಗೆ ಆಡಿದ ಒಂದೇ ಟೆಸ್ಟು ಅದು. ಸ್ಪಿನ್ನಿನವರೇ ತುಂಬಿದ್ದರಿಂದ ಹೊಸ ಚೆಂಡು ಹಿಡಿಯಲು ಜನವಿಲ್ಲದೆ, ಮೈಸೂರಿನ ಸುಬ್ರಹ್ಮಣ್ಯರ ಜೊತೆಗೆ ಕುಂದರನ್ನರ ಕೈಗೂ ಚೆಂಡು ಬಂತು. ಏನು ಹಾಕುತ್ತೀರೆಂದು ನಾಯಕ ಪಟೌಡಿ ಕೇಳಿದ್ದಕ್ಕೆ, ತನಗೇ ತಿಳಿಯದೆಂದರಂತೆ. ಹದಿನೆಂಟು ಟೆಸ್ಟು, 981 ಓಟ. ಅಲ್ಲಿಗೆ ಲೆಕ್ಕ ಮುಗಿಯಿತು. ವಯಸ್ಸು ಇಪ್ಪತ್ತೇಳು.

ಮೈಸೂರು ತಂಡಕ್ಕೂ ಆಡಿದ್ದ ಅವರು ಆಮೇಲೆ ಸ್ಕಾಟ್ಲೆಂಡಿಗೆ ಹೋದರು. ಗ್ಲಾಸ್ಗೋ ಬಳಿಯ ಕೋಟ್‌ಬ್ರಿಜ್ ಎಂಬ ಕಬ್ಬಿಣದ ಕಾರ್ಖಾನೆಗಳ ಊರಿನಲ್ಲಿ ಡ್ರಂಪೆಲಿಯರ್ ಎಂಬ ಕ್ಲಬ್ಬು. ಅಂಥ ಕ್ಲಬ್ಬುಗಳ ಪದ್ಧತಿಯೇ ಬೇರೆ: ತಂಡದಲ್ಲಿ ಸಂಬಳದ ಆಟಗಾರ ಒಬ್ಬನೇ, ಮಿಕ್ಕವರು ವಾರವೆಲ್ಲ ಬೇರೆ ಕೆಲಸ ಮಾಡಿ ಶನಿವಾರ ಬಂದು ಆಡುವವರು. ಸಂಬಳದವನು ಗೆಲ್ಲಿಸಲೂಬೇಕು, ಸಂಜೆ ಹುಡುಗರಿಗೆ ಹೇಳಿಕೊಡಲೂಬೇಕು. ನಡುನಡುವೆ ಮಳೆ. ನೋಡಲು ಬರುವವರು ಆಟಗಾರರ ಮನೆಯವರು, ಊರಿನ ನಾಲ್ಕು ಮುದುಕರು. ಮದರಾಸಿನ ಆ ಜನಸ್ತೋಮವನ್ನು ಕಂಡವರು ಇಲ್ಲಿ ಅದೇ ಆಟವನ್ನು ಆಡುತ್ತ ಹೋದರು. 1980ರಲ್ಲಿ, ನಲವತ್ತು ದಾಟಿದ ಮೇಲೆ ಬಂದ ಕೆಲವು ಪಂದ್ಯಗಳಲ್ಲಿ ಸ್ಕಾಟ್ಲೆಂಡಿನ ತಂಡದಲ್ಲೂ ನಿಂತರು. 2006ರ ಜೂನ್ 23ರಂದು ಗ್ಲಾಸ್ಗೋದಲ್ಲಿ ತೀರಿಕೊಂಡರು.

ನಮ್ಮಲ್ಲಿ ಕೆಲವರು ಇದನ್ನು ಇಳಿತವೆಂದು ಕರೆದಾರು. ನನಗೆ ಹಾಗೆ ತೋರುವುದಿಲ್ಲ. ಜನ ನೋಡುತ್ತಿರುವಾಗ ಆಡುವವನಲ್ಲಿ ಆಟದ ಪ್ರೀತಿ ಎಷ್ಟು, ಹೊಗಳಿಕೆಯ ಪ್ರೀತಿ ಎಷ್ಟು ಎಂದು ಬೇರೆ ಮಾಡಿ ತೂಗಲು ಬರುವುದಿಲ್ಲ. ಎರಡೂ ಹಾಲುನೀರಿನಂತೆ ಬೆರೆತಿರುತ್ತವೆ. ಜನ ಎದ್ದುಹೋದ ಮೇಲೆ ಮಾತ್ರ ಅದು ತಿಳಿಯುತ್ತದೆ. ಶನಿವಾರದ ಜಡಿಮಳೆ ನಿಲ್ಲಲೆಂದು ಕಾಯುತ್ತ, ಪ್ಯಾಡು ಕಟ್ಟಿಕೊಂಡು, ಪರದೇಶದ ಹಸಿ ಹುಲ್ಲಿನ ಅಂಚಿನಲ್ಲಿ ಕೂರುವುದು ಸಾಮಾನ್ಯ ಸಾಧನೆಯಲ್ಲ.