ಎರಡು ಶೆಗಡಿಗಳ ಮನೆ

ಮಂಗಳವೇಢೆಯ ಹೆಸರು ಕೇಳಿದೊಡನೆ ಕನ್ನಡದ ವಿದ್ಯಾರ್ಥಿಗೆ ಕಲಚುರಿ ಬಿಜ್ಜಳನೂ ಬಸವಣ್ಣನೂ ನೆನಪಾಗುತ್ತಾರೆ. ಮರಾಠಿಯ ವಿದ್ಯಾರ್ಥಿಗೆ ಬರಗಾಲದಲ್ಲಿ ಸುಲ್ತಾನನ ಉಗ್ರಾಣವನ್ನು ಹಸಿದವರಿಗೆ ತೆರೆದನೆಂಬ ದಾಮಾಜಿಪಂತನೂ ಸಂತ ಚೋಖಾಮೇಳನೂ ನೆನಪಾಗುತ್ತಾರೆ. ಒಕ್ಕಲಿಗನಿಗೆ ಮೊದಲು ನೆನಪಾಗುವುದು ಜೋಳ. 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಜೋಳ ಹಿಂಗಾರಿನ ಬೆಳೆ. ಎರೆಮಣ್ಣಿನಲ್ಲಿ ಉಳಿದ ತೇವವನ್ನು ನಂಬಿ ಅದು ಚಳಿಗಾಲದಲ್ಲಿ ಬೆಳೆಯುತ್ತದೆ. ಆದುದರಿಂದ ಮಾರ್ಗಶಿರದ ಚಳಿ ಹೊಲಕ್ಕೆ ಬೇಕಾದ ನೆಂಟ. ಅದೇ ನೆಂಟ ಹೊಸ್ತಿಲು ದಾಟಿ ಒಳಗೆ ಬಂದರೆ ಮುದುಕರಿಗೂ ಬಾಣಂತಿಯರಿಗೂ ಸಂಕಟ.

ಈ ಸಂಕಟಕ್ಕೆ ಊರಿನ ಮನೆಗಳು ಕಂಡುಕೊಂಡಿದ್ದ ಉಪಾಯ ಶೆಗಡಿ. ಗ್ರಂಥಸ್ಥ ಕನ್ನಡದ ಅಗ್ಗಿಷ್ಟಿಕೆಯೇ ಇದು. ಈ ಭಾಗದಲ್ಲಿ ಕನ್ನಡದವರೂ ಮರಾಠಿಯವರೂ ಶೆಗಡಿ ಎಂದೇ ಕರೆಯುತ್ತಾರೆ. ಪೇಟೆಯ ಹಿಂದಿನ ಓಣಿಯೊಂದರ ಹಳೆಯ ಮಾಳಿಗೆಮನೆಯಲ್ಲಿ ಇಂತಹ ಎರಡು ಶೆಗಡಿಗಳಿದ್ದವು. ಆ ಮನೆಯ ಯಜಮಾನಿ ಅಕ್ಕಲಕೋಟೆಯ ಕಡೆಯಿಂದ ಸೊಸೆಯಾಗಿ ಬಂದವಳು. ಗಂಡನೊಡನೆ ಮರಾಠಿ, ಮಕ್ಕಳೊಡನೆ ಕನ್ನಡ, ಬೆಂಕಿಯೊಡನೆ ಮೌನ. ಹೀಗೆ ನಲವತ್ತು ವರ್ಷ ಸಂಸಾರ ನಡೆಸಿದ್ದಳು.

ಆ ಮನೆಯಲ್ಲಿ ಬೆಂಕಿಗೆ ಒಂದು ದಿನಚರಿಯಿತ್ತು. ನಸುಕಿನಲ್ಲಿ ಅಡುಗೆಯ ಒಲೆ ತೊಗರಿಕಟ್ಟಿಗೆ, ಕುಳ್ಳುಗಳಿಂದ ಹೊತ್ತಿಕೊಳ್ಳುವುದು. ಪಕ್ಕದ ಕೋಡೊಲೆಯ ಮೇಲೆ ಬೇಳೆ ಕುದಿಯುವುದು. ರೊಟ್ಟಿ ಬೇಯಿಸಿದ ಮೇಲೆ ಉಳಿದ ಕೆಂಡ ಸ್ನಾನದ ನೀರು ಕಾಯಿಸುವ ತಾಮ್ರದ ಬಂಬಕ್ಕೆ ಹೋಗುವುದು. ಸಂಜೆ ಅಂಗಳದಲ್ಲಿ ಜಾಲಿಯ ಇದ್ದಿಲು ತುಂಬಿದ ಶೆಗಡಿಗಳಿಗೆ ಅದೇ ಒಲೆಯ ನಾಲ್ಕು ಕೆಂಡ ಹಾಕಿ ಗಾಳಿ ಬೀಸುವರು. ಹೊಗೆ ಅಡಗಿ ಇದ್ದಿಲು ಕೆಂಪೇರಿದ ಮೇಲೆ ಒಂದು ಶೆಗಡಿ ದಮ್ಮಿನ ವ್ಯಾಧಿಯ ಮುದುಕನ ಬಳಿಗೆ, ಇನ್ನೊಂದು ಪಡಸಾಲೆಗೆ. ಮಲಗುವ ಮುನ್ನ ಕೆಂಡಕ್ಕೆ ಬೂದಿ ಮುಚ್ಚಿದರೆ ಬೆಳಗಿನ ಒಲೆಗೆ ಕಡ್ಡಿ ಗೀರುವ ಕೆಲಸವಿಲ್ಲ. ಎಷ್ಟು ಒಲೆಗಳಿದ್ದರೂ ಮನೆಯ ಬೆಂಕಿ ಒಂದೇ ಎಂಬುದು ಯಜಮಾನಿಯ ಲೆಕ್ಕ.

ಈ ಲೆಕ್ಕ ತಪ್ಪದೆ ನಡೆದದ್ದಕ್ಕೆ ಮಾಳಿಗೆಯೂ ಕಾರಣವಾಗಿತ್ತು. ಮಣ್ಣಿನ ಮಾಳಿಗೆಯ ನಡುವೆ ಕೋಣೆಗೊಂದರಂತೆ ಬೆಳಕಿಂಡಿಗಳಿದ್ದವು. ಹಗಲಲ್ಲಿ ಬೆಳಕು ಇಳಿಯುವ ದಾರಿ ಅದು. ರಾತ್ರಿ ಬಿಸಿಗಾಳಿ ಮೇಲೇರಿ ಹೊರಡುವ ದಾರಿಯೂ ಅದೇ. ಬಾಗಿಲಿನ ಸಂದಿಯಿಂದ ತಣ್ಣನೆಯ ಗಾಳಿ ಒಳಬರುವುದು, ಕಿಂಡಿಯಿಂದ ಕೆಟ್ಟ ಗಾಳಿ ಹೊರಹೋಗುವುದು. ಇದನ್ನು ಯಾರೂ ಯಾರಿಗೂ ಕಲಿಸಿರಲಿಲ್ಲ. ಮನೆಯೇ ಆ ಕೆಲಸ ಮಾಡುತ್ತಿತ್ತು.

ಎಂಬತ್ತರ ದಶಕದಲ್ಲಿ ಮಕ್ಕಳು ಗಳಿಸತೊಡಗಿ ಹಿತ್ತಿಲ ಕಡೆ ಸ್ಲ್ಯಾಬಿನ ಕೋಣೆಯೊಂದನ್ನು ಕಟ್ಟಿಸಿದರು. ಗಟ್ಟಿ ಬಾಗಿಲು, ಗಾಜಿನ ಕಿಟಕಿ, ಸೋರದ ಛಾವಣಿ. ಆ ವರ್ಷದ ಚಳಿಗಾಲದಲ್ಲಿ ಸೊಲ್ಲಾಪುರಕ್ಕೆ ಕೊಟ್ಟ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೊಸ ಕೋಣೆಯೇ ಬಾಣಂತಿಯ ಕೋಣೆಯಾಯಿತು. ಮಂಚದ ಕೆಳಗೆ ಶೆಗಡಿ, ಅದರ ಮೇಲೆ ಉದುರಿಸಿದ ಓಮ, ಬೆಳ್ಳುಳ್ಳಿ ಸಿಪ್ಪೆ, ಎಲ್ಲವೂ ಸಂಪ್ರದಾಯದಂತೆ. ಹನ್ನೊಂದನೆಯ ರಾತ್ರಿ ಚಳಿ ವಿಪರೀತವಾಯಿತು. ಮುದುಕ ತನ್ನ ಶೆಗಡಿಯನ್ನೂ ಮೊಮ್ಮಗುವಿಗೆ ಕಳಿಸಿಕೊಟ್ಟ. ಬಾಣಂತಿಗೆ ಗಾಳಿ ತಾಗಬಾರದೆಂದು ಯಜಮಾನಿಯೇ ಕಿಟಕಿಯ ಸಂದಿಗೂ ಬಾಗಿಲಿನ ಕೆಳಗೂ ಹಳೆಯ ಸೀರೆಯ ತುಂಡುಗಳನ್ನು ತುರುಕಿದಳು. ಕೆಂಡಗಳು ಹೊಗೆಯಿಲ್ಲದೆ, ಚೆಲುವಾಗಿ ಕೆಂಪಗಿದ್ದವು.

ನಸುಕಿನಲ್ಲಿ ಒಲೆ ಹೊತ್ತಿಸಲು ಎದ್ದವಳಿಗೆ ಏನೋ ಕೊರತೆಯೆನಿಸಿತು. ಆ ಹೊತ್ತಿಗೆ ಹಾಲಿಗಾಗಿ ಅಳಬೇಕಾಗಿದ್ದ ಕೂಸು ಅಳಲಿಲ್ಲ. ಅವಳು ಬಾಗಿಲು ನೂಕಿದಳು. ಮಗಳು ಎದ್ದು ಕೂಡ್ರಲಾರದೆ, “ಅವ್ವಾ, ತಲಿ ಒಡದ ಹೋಗಾಕತ್ತೈತಿ” ಎಂದಳು. ಕೂಸು ಅರಿವೆಯಂತೆ ಜೋತುಬಿದ್ದಿತ್ತು. ಯಜಮಾನಿ ಅದನ್ನೆತ್ತಿಕೊಂಡು, ಯಾವ ಗಾಳಿಗೆ ಅಂಜಿದ್ದಳೋ ಅದೇ ಗಾಳಿಗೆ, ಅಂಗಳಕ್ಕೆ ಓಡಿದಳು. ಮಗ ತಂಗಿಯನ್ನು ಹೊತ್ತು ತಂದ. ಕೂಸು ಅತ್ತಾಗ ಓಣಿಯವರೆಲ್ಲ ಎದ್ದಿದ್ದರು.

ನೆರೆಯವರು ದೃಷ್ಟಿ ತಾಗಿದೆ ಎಂದರು. ಡಾಕ್ಟರು ಬೇರೆ ಹೇಳಿದರು. ಸಾಕಷ್ಟು ಗಾಳಿ ಇಲ್ಲದೆಡೆ ಉರಿಯುವ ಇದ್ದಿಲು ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ವೇಗವಾಗಿ ಉಸಿರಾಡುವ ಹಸುಗೂಸಿಗೆ ಅದು ಬೇಗ ಏರುತ್ತದೆ. ಹೊಗೆ ಅಡಗಿದರೆ ಅಪಾಯ ಅಡಗಿತೆಂಬ ನಂಬಿಕೆಯೇ ತಪ್ಪು. ಕೆಂಪಗೆ ನಿಗಿನಿಗಿಸುವ ಕೆಂಡವೂ ಅದನ್ನು ಬಿಡುತ್ತಲೇ ಇರುತ್ತದೆ. ಎರಡು ಶೆಗಡಿಗಳಿದ್ದರೆ ವಿಷವೂ ಇಮ್ಮಡಿ.

ಯಜಮಾನಿ ಯಾರನ್ನೂ ದೂರಲಿಲ್ಲ. ಬಟ್ಟೆ ತುರುಕಿದ ಕೈ ತನ್ನದೆಂದು ಅವಳಿಗೆ ಗೊತ್ತಿತ್ತು. ಮಧ್ಯಾಹ್ನವೇ ಗವಂಡಿಯನ್ನು ಕರೆಸಿ ಹೊಸ ಗೋಡೆಯಲ್ಲಿ, ಛಾವಣಿಯ ಕೆಳಗೆ ಎದುರುಬದುರಾಗಿ ಎರಡು ಕಿಂಡಿ ಒಡೆಸಿದಳು. ಕೋಣೆಯ ಅಂದ ಕೆಡುತ್ತದೆಂದು ಮಗ ಗೊಣಗಿದಾಗ, “ಅಂದಾ ಇರ್ಲಿ, ಕೂಸಿನ ಉಸರ ಮೊದಲ” ಎಂದಳಂತೆ. ಕಿಂಡಿಯಿದ್ದರೂ ಸಾಲದೆಂದು, ಮಲಗುವ ಮುನ್ನ ಎರಡೂ ಶೆಗಡಿಗಳನ್ನು ಅಂಗಳಕ್ಕೆ ಸಾಗಿಸುವ ಹೊಸ ಕಟ್ಟಳೆ ಮಾಡಿದಳು. ಚಳಿಗೆ ಇನ್ನೊಂದು ಕೌದಿ ಹೊದ್ದರಾಯಿತು. ಮುಂದಿನ ಬಾಣಂತನಗಳಿಗೆ ಓಣಿಯ ಯಾವ ಮನೆ ಕರೆದರೂ ಅವಳು ಮೊದಲು ನೋಡುತ್ತಿದ್ದುದು ಗೋಡೆಯ ಮೇಲ್ಭಾಗವನ್ನು. ಹಿರಿಯಳೆಂದು ಎಲ್ಲರೂ ಕೇಳುತ್ತಿದ್ದ ಮಾತನ್ನು ತಾನೇ ತಿದ್ದಿಕೊಂಡು, ಹಾಗೆ ತಿದ್ದಿಕೊಂಡದ್ದನ್ನೂ ಮುಚ್ಚಿಡದೆ ಹೇಳುತ್ತಿದ್ದಳು.

ಈಗ ಆ ಮನೆಗೆ ಗ್ಯಾಸು ಬಂದಿದೆ. ಬಂಬ ಅಟ್ಟ ಸೇರಿದೆ, ಶೆಗಡಿಯೊಂದರಲ್ಲಿ ತುಳಸಿ ಬೆಳೆದಿದೆ. ಆದರೂ ಚಳಿಗಾಲದಲ್ಲಿ ಜಿಲ್ಲೆಯ ಅನೇಕ ಮನೆಗಳಲ್ಲಿ ಬಾಣಂತಿಯ ಮಂಚದ ಕೆಳಗೆ ಇಂದಿಗೂ ಕೆಂಡವಿರುತ್ತದೆ. ಮನೆಗಳಿಗೆ ಮಾತ್ರ ಬೆಳಕಿಂಡಿಗಳಿಲ್ಲ. ಯಜಮಾನಿ ತೀರಿಕೊಂಡು ವರ್ಷಗಳಾದವು. ಅಂದಿನ ಕೂಸು ತನ್ನ ಚೊಚ್ಚಲ ಬಾಣಂತನವನ್ನು ಅದೇ ಕೋಣೆಯಲ್ಲಿ ಮುಗಿಸಿಕೊಂಡು ಹೋದಳು. ಗೋಡೆಗೆ ಸುಣ್ಣದ ಬದಲು ಬಣ್ಣ ಬಳಿದಿದ್ದಾರೆ. ಆ ಎರಡು ಕಿಂಡಿಗಳನ್ನು ಯಾರೂ ಮುಚ್ಚಿಸಿಲ್ಲ.