ಚನ್ನಪಟ್ಟಣದ ಕೋಳಿ, ಹೆಬ್ಬಾಳದ ಮರಿ

ಮದ್ದೂರಿನ ಸಮೀಪದಲ್ಲಿರುವ ನಮ್ಮ ಹಳ್ಳಿಯ ಮನೆಯಲ್ಲಿ ಒಂದು ಗಾಜಿನ ಬೀರು ಇದೆ. ಅದರಲ್ಲಿ ಬೆಲೆಬಾಳುವ ಪದಾರ್ಥ ಒಂದೂ ಇಲ್ಲ. ನನ್ನ ತಾಯಿಯವರು ಬಿಳಿಯ ಮಣಿಗಳನ್ನು ಪೋಣಿಸಿ ಮಾಡಿದ ಹಂಸ, ಸೋದರತ್ತೆಯವರು ಉಲ್ಲನ್ ದಾರದಲ್ಲಿ ಹೆಣೆದ ಜೋಡಿಗಿಳಿ, ಹಿತ್ತಾಳೆಯ ಪುಟ್ಟ ಬಸವ. ಇವುಗಳ ನಡುವೆ ಚನ್ನಪಟ್ಟಣದ ಒಂದು ಮರದ ಆಟಿಕೆ. ಹಿಡಿಯುಳ್ಳ ದುಂಡು ಹಲಗೆಯ ಮೇಲೆ ಐದು ಕೋಳಿಗಳು. ಒಂದೊಂದರ ಕೊರಳಿಗೂ ಒಂದೊಂದು ದಾರ. ದಾರಗಳೆಲ್ಲ ಹಲಗೆಯ ತೂತುಗಳಲ್ಲಿಳಿದು ಕೆಳಗೆ ಒಂದು ಮರದ ಗುಂಡಿಗೆ ಸೇರುತ್ತವೆ. ಹಿಡಿಯನ್ನು ಮೆಲ್ಲನೆ ಸುತ್ತಿಸಿದರೆ ಗುಂಡು ತೂಗಾಡಿ, ಕೋಳಿಗಳು ಒಂದಾದ ಮೇಲೊಂದು ಟಕಟಕನೆ ಕಾಳು ಕುಕ್ಕುತ್ತವೆ. ನನಗೆ ಆರು ವರ್ಷವಾಗಿದ್ದಾಗ ನಮ್ಮ ತಂದೆಯವರು ತಂದುಕೊಟ್ಟದ್ದು ಅದು. ನವರಾತ್ರಿಯಲ್ಲಿ ಗೊಂಬೆ ಕೂರಿಸುವಾಗ ಕೆಳಗಿನ ಮೆಟ್ಟಿಲಿನಲ್ಲಿ ಅದಕ್ಕೊಂದು ಸ್ಥಾನ ಇಂದಿಗೂ ಉಂಟು.

ನಮ್ಮದು ಕೋಳಿ ಸಾಕಿದ ಮನೆಯೇ. ಹಿತ್ತಿಲಿನಲ್ಲಿ ಹತ್ತು ಹದಿನೈದು ನಾಟಿ ಕೋಳಿಗಳು ಕೆದಕಿಕೊಂಡಿದ್ದು, ಸಂಜೆಯಾದರೆ ಮಂಕರಿಯ ಕೆಳಗೆ ಸೇರುತ್ತಿದ್ದುವು. ಕೆಲವು ವರ್ಷಗಳ ಹಿಂದೆ ಊರಿಗೆ ಕೊಕ್ಕರೆ ರೋಗ ಬಂದಿತು. ಪಶುವೈದ್ಯರು ಇದನ್ನು ರಾಣಿಖೇತ್ ರೋಗವೆನ್ನುತ್ತಾರೆ. ಹಿಮಾಲಯದ ಸೀಮೆಯ ಒಂದು ಊರಿನ ಹೆಸರು. ಒಂದೇ ವಾರದಲ್ಲಿ ಗೂಡು ಬರಿದಾಯಿತು. ಆ ಬಳಿಕ ನಾವು ಕೋಳಿಯನ್ನು ಸಾಕಲಿಲ್ಲ. ಆದುದರಿಂದ ಏಳು ವರ್ಷದ ನನ್ನ ಮೊಮ್ಮಗಳು ಪುಟ್ಟಿಗೆ ಕೋಳಿಯೆಂದರೆ ಬೀರುವಿನೊಳಗಣ ಐದು ಮರದ ಕೋಳಿಗಳೇ ಆಗಿದ್ದುವು.

ಕಳೆದ ಧನುರ್ಮಾಸದಲ್ಲಿ ಅವಳನ್ನು ಕರೆದುಕೊಂಡು ಸಂತೆಗೆ ಹೋಗಿದ್ದೆ. ಅಲ್ಲಿ ಒಬ್ಬಾತ ಬುಟ್ಟಿಯ ತುಂಬ ಕೋಳಿಮರಿಗಳನ್ನು ಇಟ್ಟುಕೊಂಡು ಕುಳಿತಿದ್ದ. ಗುಲಾಬಿ, ಹಸುರು, ನೇರಳೆ. ಹೋಳಿಯ ಬಣ್ಣದಲ್ಲಿ ಅದ್ದಿ ತೆಗೆದಂತೆ ಒಂದೊಂದಕ್ಕೆ ಒಂದೊಂದು ಬಣ್ಣ. ಪುಟ್ಟಿಯ ಕಾಲು ಅಲ್ಲಿಂದ ಕೀಳಲಿಲ್ಲ. ಎರಡು ಮರಿ ಕೊಂಡೆವು. ರಾತ್ರಿ ಅವನ್ನು ಒಂದು ಬುಟ್ಟಿಯಲ್ಲಿ ಹಳೆಯ ಬಟ್ಟೆ ಹಾಸಿ ಮಲಗಿಸಿದಳು. ಮೂರನೆಯ ಬೆಳಗ್ಗೆ ನೋಡಿದಾಗ ಎರಡೂ ಒಂದನ್ನೊಂದು ಒತ್ತಿಕೊಂಡು ಸತ್ತುಬಿದ್ದಿದ್ದುವು. ಮಗು ಬಹಳ ಅಳಲಿಲ್ಲ. ಬೀರುವಿನ ಮುಂದೆ ಬಹಳ ಹೊತ್ತು ನಿಂತಿದ್ದು, ಕೊನೆಗೆ, “ತಾತ, ಮರದ ಕೋಳಿಗೆ ಚಳಿ ಆಗಲ್ಲ ಅಲ್ವಾ?” ಎಂದು ಕೇಳಿದಳು. ಆ ಮಾತು ನನ್ನನ್ನು ಚುಚ್ಚಿತು.

ಆಮೇಲೆ ವಿಚಾರಿಸಿ ತಿಳಿದುಕೊಂಡ ಸಂಗತಿಯಿದು. ಮೊಟ್ಟೆಗಾಗಿಯೇ ಸಾಕುವ ತಳಿಗಳಲ್ಲಿ ಹುಂಜಕ್ಕೆ ಬೆಲೆಯಿಲ್ಲ. ಅದು ಮೊಟ್ಟೆಯಿಡದು, ಮಾಂಸಕ್ಕೂ ಬೇಗ ಬೆಳೆಯದು. ಆದುದರಿಂದ ಮರಿಮಾಡುವ ಕಾರ್ಖಾನೆಗಳಲ್ಲಿ ಮೊದಲನೆಯ ದಿನವೇ ಹೆಣ್ಣು ಗಂಡುಗಳನ್ನು ಬೇರ್ಪಡಿಸುತ್ತಾರೆ. ಬೇಡವಾದ ಗಂಡುಮರಿಗಳಲ್ಲಿ ಕೆಲವು ಹೀಗೆ ಬಣ್ಣ ಬಳಿಸಿಕೊಂಡು ಸಂತೆಗೆ ಬರುತ್ತವೆ. ಮಕ್ಕಳ ಕಣ್ಣಿಗೆ ಅವು ಆಟಿಕೆ. ಕೊಳ್ಳುವ ನಮ್ಮಂಥ ಹಿರಿಯರ ಕಣ್ಣಿಗೂ ಆಟಿಕೆಯೇ. ತಾಯಿಯ ರೆಕ್ಕೆಯ ಕೆಳಗೆ ಇರಬೇಕಾದ ಜೀವಕ್ಕೆ ಧನುರ್ಮಾಸದ ಚಳಿಯಲ್ಲಿ ಹಳೆಯ ಬಟ್ಟೆ ಏನು ಸಾಕು? ಕೋಳಿ ಸಾಕಿದ ಮನೆಯಲ್ಲಿ ಹುಟ್ಟಿದ ನಾನು ಅದನ್ನು ಮರೆತದ್ದು ಹೇಗೆಂದು ನನಗೇ ನಾಚಿಕೆಯಾಯಿತು.

ಸಂಕ್ರಾಂತಿ ಕಳೆದು ಚಳಿ ತಗ್ಗಿದ ಮೇಲೆ ನಾವಿಬ್ಬರೂ ಒಂದು ಪ್ರಯಾಣ ಹೊರಟೆವು. ಅದಕ್ಕೆ ಎರಡು ಉದ್ದೇಶಗಳಿದ್ದುವು. ಮರದ ಕೋಳಿಗಳ ಪೈಕಿ ಒಂದರ ದಾರ ಹರಿದು ಎಷ್ಟೋ ವರ್ಷವಾಗಿತ್ತು. ಚನ್ನಪಟ್ಟಣದಲ್ಲಿ ಅದನ್ನು ಸರಿಮಾಡಿಸುವುದು ಒಂದು. ಬೆಂಗಳೂರಿನ ಹೆಬ್ಬಾಳದಿಂದ ಒಳ್ಳೆಯ ಕೋಳಿಮರಿಗಳನ್ನು ತರುವುದು ಮತ್ತೊಂದು. ಅಲ್ಲಿ ಮೊದಲೇ ಹೆಸರು ಬರೆಸಿ, ಮರಿ ಕೊಡುವ ದಿನವನ್ನು ಗೊತ್ತುಮಾಡಿಕೊಂಡಿದ್ದೆ.

ಮದ್ದೂರಿನಲ್ಲಿ ಮುಂಜಾನೆಯ ರೈಲು ಹತ್ತಿದೆವು. ಕಿಟಕಿಯ ಹೊರಗೆ ಕಬ್ಬಿನ ಗದ್ದೆಗಳು, ತೆಂಗಿನ ತೋಟಗಳು ಮಂಜಿನಲ್ಲಿ ನೆನೆದು ನಿಂತಿದ್ದುವು. ಕೈಯಲ್ಲಿದ್ದ ಮದ್ದೂರು ವಡೆ ಮುಗಿಯುವಷ್ಟರಲ್ಲಿ ಚನ್ನಪಟ್ಟಣ ಬಂದಿತು.

ಚನ್ನಪಟ್ಟಣಕ್ಕೆ ಬೊಂಬೆಗಳ ಊರು ಎಂಬ ಹೆಸರು ಇಂದು ನಿನ್ನೆಯದಲ್ಲ. ಟಿಪ್ಪು ಸುಲ್ತಾನನು ಪಾರಸಿಕ ದೇಶದ ಕುಶಲಿಗಳನ್ನು ಕರೆಯಿಸಿ ಇಲ್ಲಿಯವರಿಗೆ ಈ ವಿದ್ಯೆಯನ್ನು ಕಲಿಸಿದನೆಂದು ಜನರ ಹೇಳಿಕೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಈ ಕಸುಬಿಗೆ ಹೊಸ ಚೈತನ್ಯವನ್ನು ತಂದವರೆಂದು ಬಾವಾಸ್ ಮಿಯಾನ್ ಅವರ ಹೆಸರನ್ನು ಊರಿನವರು ಗೌರವದಿಂದ ನೆನೆಯುತ್ತಾರೆ. 2005-06ರ ಸಾಲಿನಲ್ಲಿ ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಗುರುತಿನ ರಕ್ಷಣೆಯೂ ದೊರೆಯಿತು. ಆದರೆ 2023ರಲ್ಲಿ ಬೆಂಗಳೂರು ಮೈಸೂರುಗಳ ನಡುವೆ ಹೊಸ ಹೆದ್ದಾರಿ ತೆರೆದ ಮೇಲೆ ವಾಹನಗಳು ಪೇಟೆಯ ಒಳಗೆ ಬಾರದೆ ಹೊರಗಿನಿಂದಲೇ ಓಡಿಹೋಗುತ್ತವೆ. ಹಳೆಯ ರಸ್ತೆಯ ಅಂಗಡಿಗಳ ಮುಂದೆ ಮರದ ಕುದುರೆಗಳು ಸಾಲಾಗಿ ನಿಂತು ಯಾರನ್ನೋ ಕಾಯುತ್ತಿರುವಂತೆ ನನಗೆ ಕಂಡಿತು.

ವಿಚಾರಿಸುತ್ತ ಒಂದು ಗಲ್ಲಿಯೊಳಗೆ ವೃದ್ಧರೊಬ್ಬರ ಕೆಲಸದ ಮನೆಗೆ ಹೋದೆವು. ಆಟಿಕೆಯನ್ನು ಅವರ ಕೈಗೆ ಕೊಟ್ಟು, “ಸಾಹೇಬರೇ, ಇದರ ದಾರ ಹರಿದಿದೆ, ಸರಿಮಾಡಬಹುದೇ?” ಎಂದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಇದು ಹಳೇ ಕಾಲದ ಕೈ ಸ್ವಾಮಿ. ಬಣ್ಣ ಮಾಸಿದೆ, ಹೊಸದು ಹಾಕಲಾ?” ಎಂದರು. ಬೇಡವೆಂದೆ. “ಅದೇ ಸರಿ” ಎಂದು ನಕ್ಕು, ಐದು ದಾರಗಳನ್ನೂ ಬಿಚ್ಚಿ ಹೊಸದಾಗಿ ಕಟ್ಟಿದರು.

ಪುಟ್ಟಿ ಕಣ್ಣು ಮಿಟುಕಿಸದೆ ನೋಡುತ್ತಿದ್ದುದನ್ನು ಕಂಡು, ಅವರು ಅವಳಿಗಾಗಿ ಒಂದು ಮರಿಯನ್ನು ಮಾಡಲು ತೊಡಗಿದರು. ಈ ಕಸುಬಿಗೆ ಮುಖ್ಯವಾದದ್ದು ಹಾಲೆ ಮರ. ಅದು ಬೆಳ್ಳಗೆ, ನುಣ್ಣಗೆ, ಹಗುರವಾಗಿರುತ್ತದೆ. ಕಡಿದ ಮರವನ್ನು ಚೆನ್ನಾಗಿ ಒಣಗಿಸಿ ತುಂಡುಮಾಡಿ, ತಿರುಗಣೆಗೆ ಸಿಕ್ಕಿಸಿ, ತಿರುಗುವ ಮರಕ್ಕೆ ಉಳಿಯನ್ನು ಹಿಡಿಯುತ್ತಾರೆ. ಹೊಟ್ಟು ಹಾರಿದಂತೆಲ್ಲ ಒಳಗಿನಿಂದ ದುಂಡನೆಯ ಆಕಾರ ಮೂಡುತ್ತದೆ. ಬಳಿಕ ಬಣ್ಣ ಬೆರಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ತಿಕ್ಕಾಟದಿಂದ ಹುಟ್ಟಿದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೊನೆಗೆ ತಾಳೆಯ ಗರಿಯನ್ನು ಹಿಡಿದು ಉಜ್ಜಿದರೆ ಅದಕ್ಕೆ ಕನ್ನಡಿಯ ಮಿರುಗು. ಹಳದಿಗೆ ಅರಿಸಿನ, ನೀಲಿಗೆ ನೀಲಿಯ ಗಿಡ. ಮಗು ಬಾಯಿಗಿಟ್ಟರೂ ಭಯವಿಲ್ಲವೆಂಬುದು ಈ ಬಣ್ಣಗಳ ಹಿರಿಮೆ.

“ಬಿಸಿ ಹುಟ್ಟದೆ ಇದ್ರೆ ಬಣ್ಣ ಹಿಡಿಯಲ್ಲ ತಾಯಿ,” ಎಂದು ವೃದ್ಧರು ಮಗುವಿಗೆ ಹೇಳಿದರು.

ಪುಟ್ಟಿ ನನ್ನ ಕಡೆ ತಿರುಗಿ, “ಇದಕ್ಕೂ ಕಾವು ಬೇಕಾ ತಾತ?” ಎಂದಳು.

ಹೌದೆಂದೆ. ಮರದ ಮರಿಗೆ ಬೇಕಾದ ಕಾವು ಒಂದು ಗಳಿಗೆಯದು. ಅದು ಒಮ್ಮೆ ದೊರೆತರೆ ಮೂರು ತಲೆಮಾರು ಬಾಳುತ್ತದೆ. ಜೀವವುಳ್ಳ ಮರಿಗೆ ಹಗಲೂ ಇರುಳೂ, ವಾರಗಟ್ಟಲೆ ಕಾವು ಬೇಕು. ಅದನ್ನು ಅವಳಿಗೆ ತಿಳಿಸುವುದಕ್ಕೆಂದೇ ನಾನು ಹೊರಟಿದ್ದೆನಷ್ಟೆ.

ಹೊರಡುವಾಗ ವ್ಯಾಪಾರ ಹೇಗಿದೆಯೆಂದು ಕೇಳಿದೆ. “ರಸ್ತೆ ಒಳ್ಳೇದೇ ಸ್ವಾಮಿ, ಬೇಡ ಅನ್ನಲ್ಲ. ನಿಲ್ಲೋರು ಕಮ್ಮಿ ಆದ್ರು, ಅಷ್ಟೆ” ಎಂದರು. ದಾರ ಕಟ್ಟಿದ್ದಕ್ಕೆ ಹಣ ಮುಟ್ಟಲಿಲ್ಲ. ಅರಿಸಿನ ಬಣ್ಣದ ಮರಿಗೆ ಮಾತ್ರ ಬೆಲೆ ತೆಗೆದುಕೊಂಡರು.

ಮತ್ತೆ ರೈಲು. ರಾಮನಗರದ ಬಳಿ ಅರ್ಕಾವತಿಯನ್ನು ದಾಟುವಾಗ ಸುತ್ತಲ ಬಂಡೆಬೆಟ್ಟಗಳು ಬಿಸಿಲಿನಲ್ಲಿ ಹೊಳೆಯುತ್ತಿದ್ದುವು. ಅವುಗಳಲ್ಲಿ ಒಂದು ಕಾವು ಕುಳಿತ ಹೇಂಟೆಯಂತಿದೆಯೆಂದು ಪುಟ್ಟಿ ತೋರಿಸಿದಳು. ನನಗೂ ಹಾಗೆಯೇ ಕಂಡಿತು. ಬಿಡದಿ, ಕೆಂಗೇರಿಗಳನ್ನು ಕಳೆದು ಬೆಂಗಳೂರು ಸೇರಿ, ಬಸ್ಸು ಹತ್ತಿ ಮಧ್ಯಾಹ್ನಾನಂತರ ಹೆಬ್ಬಾಳಕ್ಕೆ ಹೋದೆವು.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಲ್ಲಿ ಸ್ಥಾಪಿತವಾದದ್ದು. ಹೊರಗೆ ಮೇಲ್ಸೇತುವೆಯ ಮೇಲೆ ವಾಹನಗಳ ಮೊರೆತ. ಒಳಗೆ ಮರಗಳ ನೆರಳು, ಹುಂಜಗಳ ಕೂಗು. ರೈತರ ಹಿತ್ತಿಲಿನಲ್ಲಿ ಬಾಳಬಲ್ಲ ‘ಗಿರಿರಾಜ’ ಎಂಬ ತಳಿಯನ್ನು ಇಲ್ಲಿಯ ವಿಜ್ಞಾನಿಗಳು 1980ರ ದಶಕದಲ್ಲಿ ರೂಪಿಸಿದರು. ಅದು ಬಣ್ಣದ ಗರಿಯುಳ್ಳದ್ದು. ನಾಟಿ ಕೋಳಿಗಿಂತ ಹೆಚ್ಚು ತೂಗುತ್ತದೆ, ಹೆಚ್ಚು ಮೊಟ್ಟೆಯಿಡುತ್ತದೆ. ಆದರೆ ನಾಟಿ ಹೇಂಟೆಯಂತೆ ಕಾವು ಕೂರುವ ಗುಣ ಅದಕ್ಕಿಲ್ಲ. ಆದ್ದರಿಂದ ಮರಿಗಳನ್ನು ಕೊಂಡೇ ತರಬೇಕು. ತಾಯಿಯ ಕೆಲಸವನ್ನು ಮನೆಯವರೇ ಮಾಡಬೇಕು.

ಮರಿಗಳನ್ನು ಕೊಡುತ್ತಿದ್ದ ಯುವಕರು ಪುಟ್ಟಿಯ ಎತ್ತರಕ್ಕೆ ಬಾಗಿ ಎಲ್ಲವನ್ನೂ ವಿವರಿಸಿದರು. ಮೊಟ್ಟೆಯೊಳಗೆ ಇಪ್ಪತ್ತೊಂದು ದಿನ ಬೆಳೆದ ಮರಿ, ಚಿಪ್ಪನ್ನು ಒಡೆಯುವ ಮುನ್ನ ಉಳಿದ ಹಳದಿಯನ್ನು ತನ್ನ ಹೊಟ್ಟೆಯೊಳಕ್ಕೆ ಸೆಳೆದುಕೊಳ್ಳುತ್ತದೆ. ಆ ಬುತ್ತಿಯ ಬಲದಿಂದ ಅದು ಸುಮಾರು ಎರಡು ದಿನ ಆಹಾರವಿಲ್ಲದೆ ತಡೆಯಬಲ್ಲದು. ದೂರದ ಊರುಗಳಿಗೆ ಒಂದು ದಿನದ ಮರಿಗಳನ್ನು ಸಾಗಿಸಲು ಸಾಧ್ಯವಾಗುವುದು ಇದರಿಂದಲೇ. ಹಸಿವನ್ನು ತಡೆದೀತು, ಚಳಿಯನ್ನು ತಡೆಯದು. ಮೊದಲನೆಯ ವಾರ 95 ಡಿಗ್ರಿ ಫ್ಯಾರನ್‌ಹೀಟ್ ಶಾಖವಿರಬೇಕು. ಆಮೇಲೆ ವಾರಕ್ಕೆ 5 ಡಿಗ್ರಿಯಂತೆ ಇಳಿಸುತ್ತ ಬರಬಹುದು. ಏಳು ದಿನ ತುಂಬುವುದರೊಳಗಾಗಿ ಕೊಕ್ಕರೆ ರೋಗಕ್ಕೆ ಲಸಿಕೆಯ ಹನಿಯನ್ನು ಕಣ್ಣಿಗೆ ಹಾಕಿಸಬೇಕು.

“ಶಾಖ ಸಾಕೋ ಇಲ್ಲವೋ ಅಂತ ನಂಗೆ ಹೇಗೆ ಗೊತ್ತಾಗುತ್ತೆ ಮಾಮ?” ಎಂದಳು ಪುಟ್ಟಿ.

“ಮರಿಗಳೇ ಹೇಳ್ತವೆ ಪುಟ್ಟಿ. ದೀಪದ ಕೆಳಗೆ ಒತ್ತಿಕೊಂಡು ಕೂಗಿದ್ರೆ ಚಳಿ. ದೂರ ಹೋಗಿ ಬಾಯಿ ತೆರೆದ್ರೆ ಸೆಕೆ. ಎಲ್ಲಾ ಕಡೆ ಹರಡಿಕೊಂಡಿದ್ರೆ ಸರಿಯಾಗಿದೆ ಅಂತ.”

ಇಪ್ಪತ್ತು ಮರಿಗಳನ್ನು ತೂತುಗಳಿದ್ದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ಸಂಜೆಯ ರೈಲಿನಲ್ಲಿ ಆ ಪೆಟ್ಟಿಗೆ ಪುಟ್ಟಿಯ ತೊಡೆಯ ಮೇಲಿತ್ತು. ಚಿಲಿಪಿಲಿ ಕೇಳಿದ ಸಹಪ್ರಯಾಣಿಕರೆಲ್ಲ ಒಬ್ಬೊಬ್ಬರಾಗಿ ಇಣುಕಿನೋಡಿದರು. ಹೂ ಮಾರಿ ಊರಿಗೆ ಮರಳುತ್ತಿದ್ದ ಅಜ್ಜಿಯೊಬ್ಬರು, “ಗಾಳಿ ಬಡಿಯೋ ಕಡೆ ಇಟ್ಕೋಬ್ಯಾಡ ಕಣವ್ವ” ಎಂದು ತಮ್ಮ ಸೆರಗನ್ನು ಕಿಟಕಿಗೆ ಅಡ್ಡಹಿಡಿದರು. ಮದ್ದೂರಿನವರೆಗೂ ಆ ಸೆರಗು ಹಾಗೆಯೇ ಇತ್ತು.

ಮನೆಯಲ್ಲಿ ನನ್ನಾಕೆ ಎಲ್ಲವನ್ನೂ ಸಿದ್ಧಮಾಡಿದ್ದಳು. ಬಿದಿರಿನ ತಟ್ಟಿಯ ದುಂಡು ಆವರಣ, ಒಳಗೆ ಭತ್ತದ ಹೊಟ್ಟು, ಅದರ ಮೇಲೆ ಕಾಗದ, ನಡುವೆ ತೂಗುಬಿಟ್ಟ ದೀಪ. ಮೊದಲು ಬೆಲ್ಲದ ನೀರು, ಅನಂತರ ಮೆಕ್ಕೆಜೋಳದ ನುಚ್ಚು. ಎರಡನೆಯ ರಾತ್ರಿ ಮೂರು ಗಂಟೆಗೆ ಊರಿಗೆ ಊರೇ ವಿದ್ಯುತ್ತು ಹೋಯಿತು. ನಾನು ಏಳುವಷ್ಟರಲ್ಲಿ ಪುಟ್ಟಿ ಎದ್ದಿದ್ದಳು. “ಅಜ್ಜಿ, ಒತ್ತಿಕೊಂಡು ಕೂಗ್ತಿವೆ!” ಎಂದು ಅವಳು ಕೂಗಿದ ದನಿಯಲ್ಲಿ ಧನುರ್ಮಾಸದ ಆ ಬೆಳಗಿನ ಭಯವೆಲ್ಲ ಇತ್ತು. ನನ್ನಾಕೆ ಒಲೆ ಹೊತ್ತಿಸಿ ನೀರು ಕಾಯಿಸಿದಳು. ಎರಡು ಹಿತ್ತಾಳೆಯ ತಂಬಿಗೆಗಳಲ್ಲಿ ಬಿಸಿನೀರು ತುಂಬಿ, ಬಾಯಿ ಬಿಗಿದು, ಗೋಣಿ ಸುತ್ತಿ ಮರಿಗಳ ನಡುವೆ ಇಟ್ಟೆವು. ಆರಿದಂತೆಲ್ಲ ನೀರನ್ನು ಬದಲಾಯಿಸುತ್ತ ಬೆಳಗಿನವರೆಗೆ ಮೂವರೂ ಕುಳಿತಿದ್ದೆವು. ನಸುಕಿನಲ್ಲಿ ಮರಿಗಳು ಒಂದೊಂದಾಗಿ ಗುಂಪು ಬಿಟ್ಟು ಹರಡಿಕೊಂಡುವು. ಪುಟ್ಟಿ ಅಲ್ಲಿಯೇ ಒರಗಿ ನಿದ್ದೆಹೋದಳು.

ನಾಲ್ಕನೆಯ ದಿನ ಒಂದು ಮರಿ ನೀರಿನ ತಟ್ಟೆಯೊಳಗೆ ಬಿದ್ದು ನೆನೆದು ಸತ್ತಿತು. ತಪ್ಪು ನನ್ನದು, ತಟ್ಟೆಯಲ್ಲಿ ಸಣ್ಣ ಕಲ್ಲುಗಳನ್ನು ಹರಡಿದ್ದರೆ ಅದು ಬದುಕುತ್ತಿತ್ತು. ಈ ಸಲ ಮಗು ಗಟ್ಟಿಯಾಗಿ ಅತ್ತಳು. ಆಮೇಲೆ ಹೊಳೆಯ ದಂಡೆಗೆ ಹೋಗಿ ತಾನೇ ಕಲ್ಲುಗಳನ್ನು ಆರಿಸಿ ತಂದಳು. ಉಳಿದ ಹತ್ತೊಂಬತ್ತೂ ಈಗ ಹಿತ್ತಿಲಿನಲ್ಲಿ ಕೆದಕುತ್ತಿವೆ.

ವಾಚಕರಲ್ಲಿ ನನ್ನದು ಎರಡೇ ಬಿನ್ನಹ. ಬಣ್ಣ ಬಳಿದ ಮರಿಗಳನ್ನು ಸಂತೆಯಲ್ಲಿ ಕಂಡಾಗ ಮಕ್ಕಳ ಕೈಗೆ ಕೊಡಬೇಡಿರಿ. ಬಣ್ಣದ ಮರಿಯೇ ಬೇಕೆಂದು ಅವರು ಹಟಮಾಡಿದರೆ, ಹೆದ್ದಾರಿಯನ್ನು ಬಿಟ್ಟು ಅರ್ಧ ಗಂಟೆ ಚನ್ನಪಟ್ಟಣದಲ್ಲಿ ನಿಲ್ಲಿರಿ. ಅಲ್ಲಿಯ ಮರಿಗೆ ಚಳಿಯಾಗದು. ಜೀವವುಳ್ಳ ಮರಿಯನ್ನೇ ತರುವುದಾದರೆ ರಾತ್ರಿ ಎದ್ದು ಕೂರಲು ಸಿದ್ಧರಾಗಿ ತನ್ನಿರಿ.

ಮರದ ಕೋಳಿಗಳು ಮತ್ತೆ ಬೀರುವಿನಲ್ಲಿ ತಮ್ಮ ಸ್ಥಾನದಲ್ಲಿವೆ. ಪಕ್ಕದಲ್ಲಿ ಅರಿಸಿನ ಬಣ್ಣದ ಹೊಸ ಮರಿ. ಐದೂ ಈಗ ಒಟ್ಟಿಗೆ ಕಾಳು ಕುಕ್ಕುತ್ತವೆ. ಆದರೆ ಪುಟ್ಟಿಗೆ ಅವನ್ನು ಆಡಿಸಲು ಪುರಸೊತ್ತಿಲ್ಲ. ಶಾಲೆಯಿಂದ ಬಂದೊಡನೆ ಚೀಲವನ್ನು ಎಸೆದು ಹಿತ್ತಿಲಿಗೆ ಓಡುತ್ತಾಳೆ. ಅವಳು ಬರುವ ಸದ್ದಿಗೆ ಹತ್ತೊಂಬತ್ತು ಮರಿಗಳೂ ತಲೆಯೆತ್ತುತ್ತವೆ.